ಅವಿಭಕ್ತ, ಅವಿಭಾಜ್ಯ

“ನಾಲ್ಕು ಆರು ಒಂಬತ್ತು” ಎಂದು ಅವಳು ಓದುತ್ತಿದ್ದಳು, “ಎರಡು ಮೂರು ಒಂದು ಏಳು ಮೂರು ಒಂದು.”

ಎದುರಿಗೆ ಕೂತ ಹಿರಿಯರ ಪೆನ್ಸಿಲ್ ತುದಿ ಪ್ರೂಫ್ ಹಾಳೆಯ ಮೇಲೆ ಒಂದೊಂದೇ ಅಂಕಿಯನ್ನು ಮುಟ್ಟಿ ಮುಂದೆ ಹೋಗುತ್ತಿತ್ತು. ಅವಳ ಕೈಯಲ್ಲಿ ಲೇಖಕಿ ಬರೆದುಕೊಟ್ಟ ಮೂಲಪ್ರತಿ, ಅವರ ಕೈಯಲ್ಲಿ ಅಚ್ಚಿಗೆ ಹೋಗಬೇಕಾದ ಪ್ರೂಫ್. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕಣ್ಣಾಡಿಸಬೇಕು. ಎರಡೂ ಹೊಂದುತ್ತಿರುವಷ್ಟು ಹೊತ್ತು ಕಣ್ಣಾಡಿಸುವವರು ಬಾಯಿ ತೆರೆಯುವ ಹಾಗಿಲ್ಲ. ಮುದ್ರಣಾಲಯದ ಈ ಹಿಂದಿನ ಕೋಣೆಯಲ್ಲಿ ಅವಳು ಮದುವೆಯಾದ ಮರುವರ್ಷದಿಂದ ಓದುತ್ತ ಬಂದಿದ್ದಳು. ಔಷಧಿಯ ಚೀಟಿ, ರೈಲಿನ ವೇಳಾಪಟ್ಟಿ, ಶಾಲೆಯ ಪಠ್ಯ, ಚುನಾವಣೆಯ ಭರವಸೆ, ಎಲ್ಲವನ್ನೂ ಒಂದೇ ದನಿಯಲ್ಲಿ. ದನಿಯಲ್ಲಿ ಭಾವ ಬಂದರೆ ಕೇಳುವವರ ಕಣ್ಣು ತಪ್ಪುತ್ತದೆ ಎಂಬುದು ಈ ಕೆಲಸದ ಮೊದಲ ಪಾಠ. ಆ ದನಿ ಮನೆಗೂ ಬಂದು ನೆಲೆಸಿದೆ ಎಂದು ಅವಳ ಗಂಡ ಹೇಳುತ್ತಿದ್ದ. ಅವಳು ಜಗಳ ಆಡಿದರೂ ರೈಲು ಎಷ್ಟು ಹೊತ್ತಿಗೆ ಬರುತ್ತದೆ ಎಂದು ತಿಳಿಸಿದ ಹಾಗಿರುತ್ತದಂತೆ.

ಹಿರಿಯರನ್ನು ಪ್ರೆಸ್ಸಿನಲ್ಲಿ ಎಲ್ಲರೂ ಅಲ್ಪವಿರಾಮ ಎಂದು ಕರೆಯುತ್ತಿದ್ದರು. ಓದುವಾಗ ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕು. ಅವಳು ‘ಅಲ್ಪವಿರಾಮ’ ಎಂದಾಗಲೆಲ್ಲ ಅವರು ಫ್ಲಾಸ್ಕಿನ ಮುಚ್ಚಳದಿಂದ ಒಂದು ಗುಟುಕು ಕುಡಿಯುತ್ತಿದ್ದರು. ಅಭ್ಯಾಸ ಹಾಗೆ ಕೂತುಬಿಟ್ಟಿತ್ತು. ಉದ್ದುದ್ದ ವಾಕ್ಯ ಬರೆಯುವವರ ಪುಸ್ತಕ ಬಂದರೆ ಊಟದ ಹೊತ್ತಿಗೆ ಫ್ಲಾಸ್ಕು ಖಾಲಿ. ಇವತ್ತಿನ ಸಂಖ್ಯೆಯಲ್ಲಿ ಅಲ್ಪವಿರಾಮವೇ ಇರಲಿಲ್ಲ. ಮೂವತ್ತೊಂಬತ್ತು ಅಂಕಿ, ಒಂದೇ ಸಾಲು. ಲಕ್ಷ ಕೋಟಿ ಎಂದು ಓದಲು ಹೊರಟರೆ ಕೋಟಿ ಕೋಟಿ ಕೋಟಿ ಎಂದು ಬಿಕ್ಕಳಿಸುತ್ತ ಕೂರಬೇಕು. ಅವರಿಗೆ ಬಾಯಾರಿಕೆಯಾಗಿತ್ತು.

“ಆರು ಎಂಟು ಏಳು, ಮೂರು ಸೊನ್ನೆ ಮೂರು, ಏಳು ಒಂದು ಐದು.”

“ನಿಲ್ಲು ತಂಗಿ. ನನ್ನಲ್ಲಿ ನಾಲ್ಕು.”

“ಇಲ್ಲಿ ಐದು.”

ಅವರು ನಾಲ್ಕನ್ನು ಹೊಡೆದು ಅಂಚಿನಲ್ಲಿ ಐದು ಬರೆದರು, ಸುಮ್ಮನೆ ಒಂದು ಗುಟುಕು ಕುಡಿದರು. “ಒಂದು ಅಂಕಿ, ಒಂದೇ ಒಂದು ಕಡಿಮೆ. ಇಷ್ಟುದ್ದದಲ್ಲಿ ಯಾರಿಗೆ ಗೊತ್ತಾಗ್ತಿತ್ತು ಹೇಳು. ಸಾಗರಕ್ಕೆ ಸೌಟು.”

ಪುಸ್ತಕ ಬರೆದವರು ನಿವೃತ್ತರಾದ ಗಣಿತದ ಮೇಡಂ. ಇಡೀ ಪುಸ್ತಕ ಈ ಒಂದೇ ಸಂಖ್ಯೆಯ ಮೇಲೆ. ಎರಡನ್ನು ಎರಡರಿಂದ ಗುಣಿಸುತ್ತ ಹೋಗಬೇಕು, ಒಟ್ಟು ನೂರ ಇಪ್ಪತ್ತೇಳು ಎರಡುಗಳು ಸೇರುವವರೆಗೆ. ಬಂದದ್ದರಲ್ಲಿ ಒಂದು ಕಳೆಯಬೇಕು. ಆಗ ಸಿಗುವುದು ಇದು. ಗುಣಿಸುವ ಯಂತ್ರಗಳು ಬರುವ ಮೊದಲೇ, ಕಾಗದದ ಮೇಲೆ ಲೆಕ್ಕ ಮಾಡಿ, ಇದನ್ನು ಬೇರೆ ಯಾವ ಸಂಖ್ಯೆಯೂ ಭಾಗಿಸಲಾರದು ಎಂದು ತೋರಿಸಿದ್ದರಂತೆ. ಮುಕ್ಕಾಲು ಶತಮಾನ ಇದಕ್ಕಿಂತ ದೊಡ್ಡದು ಯಾರಿಗೂ ಸಿಕ್ಕಿರಲಿಲ್ಲವಂತೆ. ಇದಿಷ್ಟೂ ಮುನ್ನುಡಿಯಲ್ಲಿ ಇತ್ತು. ಮುನ್ನುಡಿಯನ್ನು ನಿನ್ನೆ ಓದಿ ಮುಗಿಸಿದ್ದರು, ಒಂದೇ ದನಿಯಲ್ಲಿ.

ಅವಳು ಮುಂದಿನ ಪುಟ ತೆಗೆದಳು. “ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಅವಿಭಾಜ್ಯ ಸಂಖ್ಯೆ, ಪೂರ್ಣವಿರಾಮ.”

“ಅವಿಭಕ್ತ” ಎಂದರು ಅಲ್ಪವಿರಾಮ.

“ಅವಿಭಾಜ್ಯ.”

“ಇಲ್ಲಿ ಅವಿಭಕ್ತ ಸಂಖ್ಯೆ ಅಂತಿದೆ.”

ಮುಂದಿನ ಸಾಲಿನಲ್ಲೂ ಹಾಗೇ ಇತ್ತು. ಅದರ ಮುಂದಿನದರಲ್ಲೂ. ಅವಿಭಕ್ತ ಸಂಖ್ಯೆಗಳಿಗೆ ಕೊನೆಯೆಂಬುದಿಲ್ಲ. ಅವಿಭಕ್ತ ಸಂಖ್ಯೆಗಳಲ್ಲಿ ಎರಡು ಮಾತ್ರ ಸಮಸಂಖ್ಯೆ. ಮುಂದೆ ಮುಂದೆ ಹೋದಂತೆ ಅವಿಭಕ್ತಗಳು ವಿರಳವಾಗುತ್ತ ಹೋಗುತ್ತವೆ.

“ಇದು ಆ ಇನ್ನೊಂದು ಪುಸ್ತಕದ ವಾಕ್ಯ ಅಂದರೂ ನಡೆಯುತ್ತೆ” ಎಂದರು ಅಲ್ಪವಿರಾಮ.

ಅವಳಿಗೆ ಆಗ ಹೊಳೆಯಿತು. ಇನ್ನೊಂದು ಪುಸ್ತಕ ಒಬ್ಬ ನಿವೃತ್ತ ಅಧಿಕಾರಿಯದು, ಅವಿಭಕ್ತ ಕುಟುಂಬದ ಹಿರಿಮೆಯ ಬಗ್ಗೆ. ಅಧಿಕಾರಿ ಎಲ್ಲ ಕಡೆಯೂ ‘ಅವಿಭಾಜ್ಯ ಕುಟುಂಬ’ ಎಂದೇ ಬರೆದಿದ್ದರು. ಅದನ್ನೆಲ್ಲ ‘ಅವಿಭಕ್ತ’ ಮಾಡು ಎಂದು ಇವರಿಬ್ಬರೇ ಅಚ್ಚಿಗೆ ಜೋಡಿಸುವ ಹುಡುಗಿಗೆ ಹೇಳಿ ಕಳಿಸಿದ್ದರು. ಆ ಹುಡುಗಿಯ ಕಂಪ್ಯೂಟರಿನಲ್ಲಿ ಎರಡೂ ಪುಸ್ತಕ ತೆರೆದಿದ್ದವು. ಒಂದು ಗುಂಡಿ ಒತ್ತಿದಳು. ಕುಟುಂಬಗಳೂ ಸಂಖ್ಯೆಗಳೂ ಒಟ್ಟಿಗೆ ಸರಿಹೋದವು.

“ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ” ಎಂದರು ಅಲ್ಪವಿರಾಮ, ಪೆನ್ಸಿಲ್ ಕೆಳಗಿಟ್ಟು.

ಅಷ್ಟರಲ್ಲಿ ಅವಳ ಫೋನು ಮಿಣುಕಿತು. ವಾರಗಿತ್ತಿ. ಅವಳ ಮೈದುನನ ಹೆಂಡತಿ. ಅದೇ ಮನೆಯ ಮೇಲಿನ ಮಹಡಿಯಲ್ಲಿ ಇರುವವಳು.

“ಅಕ್ಕ, ಓದ್ತಾ ಇದ್ರಾ?”

“ಹೂಂ.”

“ಒಂದೇ ನಿಮಿಷ. ಮೂರರಿಂದ ನಾಲ್ಕು ನನ್ನದು ಅಂತ ನಿನ್ನೇನೇ ಮಾತಾಗಿತ್ತು. ಈಗ ಅತ್ತೆ ಅದು ತಮಗೇ ಬೇಕು ಅಂತಿದ್ದಾರೆ. ನೀವೇ ಒಂದು ಮಾತು ಹೇಳಿ.”

“ಯಾವ ಮೂರರಿಂದ ನಾಲ್ಕು?”

“ನಿಮ್ಮದು, ಅಕ್ಕ.”

“ನನ್ನದು ಏನು?”

“ಅಯ್ಯೋ, ಮಧ್ಯಾಹ್ನ. ಒಂದನೇ ತಾರೀಖಿಂದ ನಿಮಗೆ ಎರಡು ಗಂಟೆಗೇ ಬಿಡ್ತಾರಲ್ಲ. ಭಾವ ಹೇಳಿದ್ರು. ನಿಮಗೆ ಹೇಳಿಲ್ವಾ?”

“ಹೇಳ್ತಾರೆ” ಎಂದು ಅವಳು ಫೋನಿಟ್ಟಳು.

ಅಲ್ಪವಿರಾಮ ಪ್ರೂಫಿನ ಅಂಚನ್ನು ನೋಡುತ್ತಿದ್ದರು. ಕೇಳಿಸಿಕೊಂಡವರು ಕೇಳಿಸಿಕೊಂಡಿಲ್ಲ ಎಂದು ತೋರಿಸಲು ನೋಡುವ ರೀತಿಯಲ್ಲಿ ನೋಡುತ್ತಿದ್ದರು.

“ನಿಮಗೆ ಗೊತ್ತಿತ್ತಾ ಅಣ್ಣ?”

“ನನಗೆ ಹೋದ ವಾರ ಹೇಳಿದ್ರು” ಎಂದರು ಅವರು. “ನಾನು, ನಿನಗೂ ಹೇಳಿರ್ತಾರೆ ಅಂತ...” ವಾಕ್ಯ ಅಲ್ಲೇ ನಿಂತಿತು. ಅವರು ಕುಡಿದರು.

ಮಾಲೀಕರ ಕೋಣೆಗೆ ಹೋಗಲು ಯಂತ್ರಗಳ ನಡುವೆ ಹಾದು ಹೋಗಬೇಕು. ಆ ದಾರಿ ಮುಗಿಯುವಷ್ಟು ಹೊತ್ತು ಅವಳ ಬಳಿ ಮಧ್ಯಾಹ್ನಗಳಿದ್ದವು. ಎರಡು ಗಂಟೆಯ ಬಿಸಿಲು, ಜನ ಇಲ್ಲದ ಬಸ್ಸು, ಕಿಟಕಿಯ ಪಕ್ಕದ ಸೀಟು. ಇವುಗಳಲ್ಲಿ ಏನು ಮಾಡಬಹುದು ಎಂದು ಅವಳು ಯೋಚಿಸಲಿಲ್ಲ. ಇವೆ ಎಂಬುದೇ ಸಾಕಾಗಿತ್ತು. ಬಾಗಿಲು ತಟ್ಟುವ ಹೊತ್ತಿಗೆ ವಾರಗಿತ್ತಿಯ ಮಾತು ಪೂರ್ತಿಯಾಗಿ ಒಳಗಿಳಿದಿತ್ತು: ಮೂರರಿಂದ ನಾಲ್ಕು ವಾರಗಿತ್ತಿಯದು, ಅದರ ಮೇಲೆ ಅತ್ತೆಯ ತಕರಾರಿದೆ. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸುವುದನ್ನು ಅವಳು ಕೇಳಿದ್ದಳು. ಇಲ್ಲಿ ಹೆತ್ತವಳಿಗೇ ಸುದ್ದಿ ಬಂದಿರಲಿಲ್ಲ.

“ಹೇಳೋಣ ಅಂತಿದ್ದೆ ಅಮ್ಮ” ಎಂದರು ಮಾಲೀಕರು. “ನಿಮ್ಮ ಯಜಮಾನರು ದಾರೀಲಿ ಸಿಕ್ಕಿದ್ರು. ಅವರಿಗೆ ಹೇಳಿದೆ. ಅವರಿಗೆ ಹೇಳಿದರೆ ನಿಮಗೆ ಹೇಳಿದ ಹಾಗೇ ಅಲ್ವಾ.”

“ಯಾಕೆ ಅರ್ಧ ದಿನ?”

“ಓದಿಸೋರು ಯಾರಿದ್ದಾರೆ ಈಗ? ಎಲ್ಲರೂ ತಾವೇ ನೋಡ್ಕೊಂಡು ಕಳಿಸ್ತಾರೆ. ಬೈಂಡಿಂಗಿನವರಿಗೆ ಮೇಜು ಸಾಲ್ತಿಲ್ಲ. ನೀವಿಬ್ಬರು ಎರಡಕ್ಕೆ ಎದ್ದರೆ ಅವರು ಕೂರ್ತಾರೆ. ಸಂಬಳದ ಚಿಂತೆ ಬೇಡ, ಅದನ್ನ ಕಡಿಮೆ ಮಾಡಲ್ಲ.” ಸ್ವಲ್ಪ ಹೊತ್ತು ಯೋಚಿಸಿ ಪ್ರಾಮಾಣಿಕವಾಗಿ ಸೇರಿಸಿದರು: “ಈಗಲೂ ಅದು ಅರ್ಧ ದಿನದ್ದೇ.”

ಅವಳು ಪ್ರೂಫ್ ತೋರಿಸಿದಳು. ಅವಿಭಾಜ್ಯಗಳೆಲ್ಲ ಅವಿಭಕ್ತಗಳಾಗಿವೆ, ಇಡೀ ಪುಸ್ತಕ ಮತ್ತೆ ಓದಬೇಕು ಎಂದಳು.

“ಎರಡೂ ಒಂದೇ ತಾನೆ?” ಎಂದರು ಮಾಲೀಕರು. “ಭಾಗ ಆಗದ್ದು ಅಂತ ಅರ್ಥ. ಬಿಡಿ, ಹೋಗಲಿ. ಸಂಖ್ಯೆಗಳೇನು ಬಂದು ಜಗಳ ಮಾಡ್ತಾವಾ?”

ಬಾಗಿಲಲ್ಲಿ ಅಲ್ಪವಿರಾಮ ಬಂದು ನಿಂತಿದ್ದರು. “ಒಂದೇ ಅಲ್ಲ ಸ್ವಾಮಿ. ಅವಿಭಕ್ತ ಅಂದರೆ ಇನ್ನೂ ಭಾಗ ಆಗಿಲ್ಲ ಅಂತ. ಅವಿಭಾಜ್ಯ ಅಂದರೆ ಭಾಗ ಮಾಡೋಕೇ ಬರಲ್ಲ ಅಂತ.”

“ಅದೇನು ದೊಡ್ಡ ವ್ಯತ್ಯಾಸ?”

ಅಲ್ಪವಿರಾಮ ಮಾಲೀಕರ ಬೆನ್ನ ಹಿಂದಿನ ಗೋಡೆಯನ್ನು ನೋಡಿದರು. ಅವಳೂ ನೋಡಿದಳು. ಇತ್ತೀಚಿನ ಗೋಡೆ, ಇನ್ನೂ ಬಣ್ಣ ಬಳಿದಿರಲಿಲ್ಲ. ಮಾಲೀಕರು ಮತ್ತು ಅವರ ಅಣ್ಣ ಪಾಲಾದಾಗ ಮುದ್ರಣಾಲಯದ ನಟ್ಟನಡುವೆ ಎದ್ದದ್ದು. ಅಚ್ಚಿನ ಯಂತ್ರ ಈ ಕಡೆ ಬಂತು, ಕಾಗದ ಕತ್ತರಿಸುವ ಯಂತ್ರ ಆ ಕಡೆ ಹೋಯಿತು. ಅಂದಿನಿಂದ ಅಚ್ಚಾದ ಹಾಳೆಗಳು ಈ ಬಾಗಿಲಿಂದ ಹೊರಟು, ಬೀದಿಯಲ್ಲಿ ಹತ್ತು ಹೆಜ್ಜೆ ನಡೆದು, ಆ ಬಾಗಿಲಿಂದ ಒಳಗೆ ಹೋಗಿ, ಕತ್ತರಿಸಿಕೊಂಡು ವಾಪಸು ಬರುತ್ತಿದ್ದವು. ಮಳೆ ಬಂದರೆ ಅವುಗಳ ಮೇಲೆ ಟಾರ್ಪಾಲು. ಅಣ್ಣ ತಮ್ಮ ಮಾತಾಡುತ್ತಿರಲಿಲ್ಲ. ಹಾಳೆಗಳು ಓಡಾಡಿಕೊಂಡಿದ್ದವು.

“ನಿಮ್ಮ ಮನೆತನ ಅವಿಭಕ್ತ ಆಗಿತ್ತು” ಎಂದರು ಅಲ್ಪವಿರಾಮ, ಪಠ್ಯಪುಸ್ತಕ ಓದುವ ದನಿಯಲ್ಲಿ.

ಮಾಲೀಕರು ಮೇಜಿನ ಮೇಲಿದ್ದ ಪೇಪರ್‌ವೆಯ್ಟನ್ನು ಎತ್ತಿ ಇನ್ನೊಂದು ಕಡೆ ಇಟ್ಟರು. ಗೋಡೆಯಾಚೆ ಕತ್ತರಿಸುವ ಯಂತ್ರ ಒಮ್ಮೆ ದಡ್ ಎಂದಿತು.

“ಎಲ್ಲ ತಿದ್ದಿ” ಎಂದರು. “ನಾಳೆ ಮೇಡಂಗೂ ಬಂದು ನೋಡೋಕೆ ಹೇಳಿ.”

ಮನೆಯಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ವಿಷಯ ಬಂತು. ಯಾರಲ್ಲೂ ಒರಟುತನ ಇರಲಿಲ್ಲ. ಈ ಮನೆಯಲ್ಲಿ ಏನನ್ನು ಹಂಚಿಕೊಂಡರೂ ಪಾತ್ರೆಯನ್ನು ಮುಂದೆ ದಾಟಿಸುವಷ್ಟೇ ಮರ್ಯಾದೆಯಿಂದ ಹಂಚಿಕೊಳ್ಳುತ್ತಿದ್ದರು.

“ನನ್ನದೇನು ದೊಡ್ಡದಲ್ಲಮ್ಮ” ಎಂದರು ಅತ್ತೆ. “ಪೇಪರು ಓದಿ ಹೇಳು, ಅಷ್ಟೇ. ಅದರಲ್ಲೂ ಎಲ್ಲ ಬೇಡ. ಯಾರು ಯಾರು ತೀರಿಕೊಂಡರು ಅನ್ನೋ ಪುಟ ಒಂದು. ಇವನು ಓದಿದರೆ ಸತ್ತವರ ವಯಸ್ಸೇ ಹೇಳಲ್ಲ.”

“ವಯಸ್ಸು ಯಾಕಮ್ಮ?” ಎಂದ ಅವಳ ಗಂಡ.

“ನನಗಿಂತ ಹೆಚ್ಚೋ ಕಡಿಮೇನೋ ನೋಡಬೇಡವಾ?”

ವಾರಗಿತ್ತಿಯ ಮಗಳಿಗೆ ಗಣಿತ ಹತ್ತುತ್ತಿರಲಿಲ್ಲ. “ದೊಡ್ಡಮ್ಮ ಗಣಿತದ ಪುಸ್ತಕವನ್ನೇ ತಿದ್ದುತ್ತಾರೆ, ಇವಳನ್ನ ತಿದ್ದೋದು ಯಾವ ಲೆಕ್ಕ” ಎಂದಳು ವಾರಗಿತ್ತಿ. ತಾನು ತಿದ್ದುವುದು ಅಕ್ಷರವನ್ನೇ ಹೊರತು ಗಣಿತವನ್ನಲ್ಲ ಎಂದು ಅವಳು ಹೇಳಿದಳು. ಹುಡುಗಿ ತಟ್ಟೆಯಿಂದ ತಲೆ ಎತ್ತಿ, “ನನಗೆ ಅಕ್ಷರವೂ ತಪ್ಪೇ ದೊಡ್ಡಮ್ಮ” ಎಂದಳು. ಎಲ್ಲರೂ ನಕ್ಕರು.

ಗಂಡನಿಗೆ ಕನ್ನಡಕದ ಅಂಗಡಿ ಇತ್ತು. ಊಟವಾದ ಮೇಲೆ ಒಂದು ಗಂಟೆ ಕಣ್ಣು ಮುಚ್ಚದಿದ್ದರೆ ಅವನಿಗೆ ಸಂಜೆ ತಲೆನೋವು. “ನೀನು ಎರಡಕ್ಕೆ ಹೊರಟರೆ ನೇರ ಅಂಗಡಿಗೆ ಬಾ. ನಾನು ಹಿಂದಿನ ಬೆಂಚಲ್ಲಿ ಮಲಗ್ತೀನಿ. ಮೂರಕ್ಕೆ ಹುಡುಗಿ ಶಾಲೆಯಿಂದ ಬರ್ತಾಳೆ, ಅವಳದು ನಾಲ್ಕರ ತನಕ. ಆಮೇಲೆ ಅಮ್ಮನದು. ಐದಕ್ಕೆ ಹೇಗೂ ಸಂಜೆ ಕೆಲಸ ಶುರು.” ಅವನು ಬೆರಳು ಮಡಚಿ ಎಲ್ಲರ ಮುಖ ನೋಡಿದ. “ಮೂರು ಜನ, ಮೂರು ಗಂಟೆ. ಸರಿಹೋಯ್ತು.”

ಹೌದು, ಸರಿಹೋಗಿತ್ತು. ಮೂರಕ್ಕೆ ಮೂರು, ಏನೂ ಉಳಿಯದ ಹಾಗೆ. ಅತ್ತೆ ಮೂರರ ಹಠ ಬಿಟ್ಟರು. ವಾರಗಿತ್ತಿ ಅತ್ತೆಯ ತಟ್ಟೆಗೆ ತಾನೇ ಬಡಿಸಿದಳು. ಇಷ್ಟು ಚೆನ್ನಾಗಿ ಹೊಂದಿಕೊಂಡು ಹೋಗುವ ಮನೆಯ ಬಗ್ಗೆಯೇ ಆ ಅಧಿಕಾರಿ ಪುಸ್ತಕ ಬರೆದದ್ದು.

“ನಿನಗೇನೂ ತೊಂದರೆ ಇಲ್ಲ ತಾನೆ?” ಎಂದ ಗಂಡ. ಕೇಳಬೇಕಾದ್ದನ್ನು ಕೇಳದೆ ಬಿಡುವವನಲ್ಲ.

“ಇಲ್ಲ” ಎಂದಳು ಅವಳು. ಇದೆ ಎಂದಿದ್ದರೆ ಏನು ತೊಂದರೆ ಎಂದು ಕೇಳುತ್ತಿದ್ದರು. ಒಂದು ಕೆಲಸ ಇದೆ ಎನ್ನಬಹುದು, ಕಾಯಿಲೆ ಇದೆ ಎನ್ನಬಹುದು. ಏನೂ ಇಲ್ಲ, ಆ ಏನೂ ಇಲ್ಲದ್ದೇ ನನಗೆ ಬೇಕು ಎಂದು ಊಟದ ನಡುವೆ ಯಾವ ದನಿಯಲ್ಲಿ ಹೇಳುವುದು?

ಮೇಡಂ ಮರುದಿನ ಬೆಳಿಗ್ಗೆ ಬಂದರು. ಅಲ್ಪವಿರಾಮ ಜೋಡಿಸುವ ಹುಡುಗಿಯ ಪಕ್ಕ ಕೂತು ಅವಿಭಕ್ತಗಳನ್ನು ಒಂದೊಂದಾಗಿ ಹಿಡಿದು ತಿದ್ದಿಸುತ್ತಿದ್ದರು. ಎಲ್ಲವನ್ನೂ ಒಂದೇ ಗುಂಡಿಯಲ್ಲಿ ತಿದ್ದುವುದಕ್ಕೆ ಅವರು ಒಪ್ಪಿರಲಿಲ್ಲ. ಹಾಗಾಗಿ ಹಿಂದಿನ ಕೋಣೆಯಲ್ಲಿ ಇವರಿಬ್ಬರೇ.

ಮೇಡಂ ಪ್ರೂಫ್ ನೋಡಿ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. “ನಮ್ಮ ಮನೇಲೂ ಹೀಗೇ ಅಂದುಕೊಂಡಿದ್ದಾರೆ” ಎಂದರು. “ನಾನು ಬರೀತಿರೋದು ಮನೆತನದ ವಿಷಯ ಅಂತ. ನಾನೂ ತಿದ್ದೋಕೆ ಹೋಗಿಲ್ಲ.” ಅವರ ಮನೆಯಲ್ಲಿ ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಮಗನ ಅತ್ತೆ ಮಾವ ಸೇರಿ ಸದಾ ತುಂಬಿ ತುಳುಕುವ ಸಂಸಾರವಂತೆ. ಕೂರಲು ಕುರ್ಚಿ ಸಿಕ್ಕಿದರೆ ಮೇಜು ಸಿಗುವುದಿಲ್ಲವಂತೆ.

“ಹಾಗಾದರೆ ಇಷ್ಟು ಬರೆದದ್ದು ಎಲ್ಲಿ ಕೂತು?”

“ನಿಂತು. ವಾಷಿಂಗ್ ಮೆಷಿನ್ ಮೇಲೆ ಇಟ್ಟುಕೊಂಡು. ಅದು ಓಡುತ್ತಿರುವಾಗ ಯಾರೂ ಬಂದು ಮಾತಾಡಿಸಲ್ಲ. ಸದ್ದಿಗೆ ಕೇಳಿಸೋದೂ ಇಲ್ಲ. ಬಟ್ಟೆ ಒಗೀತಿದ್ದಾರೆ ಪಾಪ ಅಂದುಕೊಳ್ತಾರೆ.”

ಮೂಲಪ್ರತಿಯಲ್ಲಿ ಏಳುಗಳೆಲ್ಲ ಯಾಕೆ ನಡುಗಿದಂತಿದ್ದವು ಎಂಬುದು ಅವಳಿಗೆ ಈಗ ಅರ್ಥವಾಯಿತು. “ಅಷ್ಟು ಬಟ್ಟೆ ಇರುತ್ತಾ?”

“ಎಷ್ಟೋ ಸಲ ಇರಲ್ಲ” ಎಂದರು ಮೇಡಂ. “ಖಾಲೀನೇ ಓಡಿಸ್ತೀನಿ.”

ಅವಳು ಅಂಚಿನಲ್ಲಿ ತಿದ್ದಿದ್ದ ಅಂಕಿಯನ್ನು ತೋರಿಸಿದಳು: ಐದಿದ್ದ ಕಡೆ ನಾಲ್ಕು ಬಿದ್ದಿತ್ತು. ಮೇಡಂ ಕನ್ನಡಕ ಏರಿಸಿಕೊಂಡು, ತುಟಿ ಅಲ್ಲಾಡಿಸುತ್ತ ಅಷ್ಟೂ ಅಂಕಿಗಳನ್ನು ಕೂಡಿಸಿದರು.

“ನೂರ ಐವತ್ತನಾಲ್ಕು ಬರಬೇಕು. ನಿಮ್ಮ ತಪ್ಪಿನಿಂದ ನೂರ ಐವತ್ತಮೂರು ಆಯ್ತು. ಮೂರು, ಒಂಬತ್ತರ ಲೆಕ್ಕದಲ್ಲಿ ಅಂಕಿಗಳ ಮೊತ್ತ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತೆ. ಹಾಗೇ ಅಚ್ಚಾಗಿದ್ದರೆ ಮೂರರಿಂದಲೂ ಭಾಗವಾಗ್ತಿತ್ತು, ಒಂಬತ್ತರಿಂದಲೂ ಭಾಗವಾಗ್ತಿತ್ತು. ಶಾಲೆ ಮಕ್ಕಳೂ ಕೂತು ಹಂಚಿಬಿಡ್ತಿದ್ದರು.”

“ಒಂದು ಕಡಿಮೆ ಆಗಿದ್ದಕ್ಕಾ?”

“ಒಂದು ಕಡಿಮೆ ಆಗಿದ್ದಕ್ಕೇ.”

“ಹಂಚಿಹೋಗೋ ಸಂಖ್ಯೆಗೆ ಏನಂತಾರೆ?” ಎಂದಳು ಅವಳು. ಪುಸ್ತಕದಲ್ಲಿ ಓದಿದ್ದಳು, ಆದರೂ ಕೇಳಿದಳು.

“ಸಂಯುಕ್ತ.”

“ಕೂಡು ಕುಟುಂಬಕ್ಕೂ ಸಂಯುಕ್ತ ಅಂತಾರೆ.”

“ಅನ್ನಲಿ” ಎಂದರು ಮೇಡಂ. “ಅದೂ ಸರಿಯೇ.”

ಹೊರಗೆ ಯಂತ್ರ ಓಡುತ್ತಿತ್ತು. ಅದರ ಬಡಿತ ನೆಲದಿಂದ ಮೇಜಿಗೂ ಮೇಜಿನಿಂದ ಮೊಣಕೈಗೂ ಬರುತ್ತಿತ್ತು. ಮೇಡಂಗೆ ಅದು ಹಿತವಾದಂತೆ ಕಂಡಿತು. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಕೂತರು.

“ಇದನ್ನ ಯಾವುದೂ ಭಾಗಿಸಲ್ಲ ಅಂತ ಹೇಗೆ ಗೊತ್ತಾಗುತ್ತೆ ಮೇಡಂ? ಒಂದೊಂದು ಸಂಖ್ಯೆಯನ್ನೂ ಕರೆದು ಭಾಗಿಸಿ ನೋಡು ಅನ್ನಬೇಕಾ?”

“ಹಾಗೆ ಎಲ್ಲರ ಕೈಗೂ ಒಂದೊಂದು ಸಲ ಕೊಟ್ಟು ನೋಡ್ತಾ ಹೋದರೆ ಭೂಮಿಯ ಆಯುಸ್ಸು ಸಾಲಲ್ಲ. ಬೇರೆ ಪರೀಕ್ಷೆ ಇದೆ. ನಾಲ್ಕರಿಂದ ಶುರು ಮಾಡಿ, ಅದನ್ನ ಅದರಿಂದಲೇ ಗುಣಿಸಿ, ಎರಡು ಕಳೀಬೇಕು. ಬಂದದ್ದನ್ನ ಈ ದೊಡ್ಡ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಂಡು ಮತ್ತೆ ಹಾಗೇ. ನೂರಕ್ಕೂ ಹೆಚ್ಚು ಸಲ. ಕೊನೇಲಿ ಸರಿಯಾಗಿ ಸೊನ್ನೆ ಬಂದರೆ ಅವಿಭಾಜ್ಯ. ಯಾರು ನಿನ್ನ ಭಾಗಿಸ್ತಾರೆ ಅಂತ ಊರೂರು ಸುತ್ತಿ ಕೇಳೋದಿಲ್ಲ. ಅದನ್ನೇ ಕೂರಿಸಿಕೊಂಡು ಕೇಳೋದು.”

ಅವಳು ಸ್ವಲ್ಪ ಹೊತ್ತು ಆ ಸಂಖ್ಯೆಯನ್ನು ನೋಡಿದಳು. ನೋಡಲು ಅದು ಬೇರೆ ಯಾವುದೇ ಸಂಖ್ಯೆಯ ಹಾಗೇ ಇತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೆ ಗುರುತು ಸಿಗುವಂಥದ್ದಲ್ಲ.

“ಒಂಟಿ ಅನ್ನಿಸುತ್ತೆ” ಎಂದಳು.

“ಯಾಕೆ ಒಂಟಿ? ಕೂಡಿಸಿ, ಬರುತ್ತೆ. ಕಳೀರಿ, ಬರುತ್ತೆ. ಯಾರ ಜೊತೆ ಬೇಕಾದರೂ ಗುಣಿಸಿ, ಬೇಡ ಅನ್ನಲ್ಲ. ಭಾಗಿಸೋಕೂ ಬನ್ನಿ, ಅದಕ್ಕೂ ಅಡ್ಡಿಯಿಲ್ಲ. ಹಂಚಿಕೊಂಡವರಿಗೆ ಅವರವರ ಪಾಲು ಸಿಗುತ್ತೆ. ಆದರೆ ಎಷ್ಟೇ ಹಂಚಿದರೂ ಕೊನೇಲಿ ಸ್ವಲ್ಪ ಉಳಿಯುತ್ತೆ. ಅಷ್ಟೇ ಅದರ ಗುಣ.”

“ಇದರಿಂದ ಏನು ಉಪಯೋಗ ಅಂತ ಮಾಲೀಕರು ಕೇಳ್ತಿದ್ದರು.”

“ನನ್ನ ದೊಡ್ಡ ಸೊಸೇನೂ ಕೇಳ್ತಾಳೆ.” ಮೇಡಂ ಚೀಲ ಹುಡುಕಿ ಪೆನ್ನು ತೆಗೆದರು. “ಇಂಥ ದೊಡ್ಡ ಅವಿಭಾಜ್ಯಗಳಿಂದ ಬೀಗ ಮಾಡ್ತಾರೆ. ಬ್ಯಾಂಕು, ಫೋನು, ಎಲ್ಲದರ ಒಳಗೂ ಇರುತ್ತೆ. ಇದಕ್ಕಿಂತ ಬಹಳ ದೊಡ್ಡವು. ಆದರೆ ಇದರಿಂದ ಬೀಗ ಆಗಲ್ಲ, ಪಾಪ.”

“ಚಿಕ್ಕದು ಅಂತಾನಾ?”

“ಅದೂ ಒಂದು. ದೊಡ್ಡದಾಗಿದ್ದರೂ ಆಗ್ತಿರಲಿಲ್ಲ. ಇದು ಎಲ್ಲರಿಗೂ ಗೊತ್ತಿರೋದು. ಪುಸ್ತಕದಲ್ಲಿ ಬಂದುಬಿಟ್ಟಿದೆ, ಈಗ ನಾನೂ ಒಂದು ಬರೆದಿದ್ದೀನಿ. ಯಾರಿಗೂ ಹೇಳದೆ ಇಟ್ಟುಕೊಂಡ ಸಂಖ್ಯೆಯಿಂದ ಮಾತ್ರ ಬೀಗ ಆಗೋದು.”

ಮೇಡಂ ಪ್ರೂಫಿನ ಮೊದಲ ಪುಟದಲ್ಲಿ ಸಹಿ ಹಾಕಿ, ಎಲ್ಲ ಸರಿಯಿದೆ ಎಂದು ಬರೆದು, ಕಿಟಕಿಯ ಹೊರಗೆ ಒಮ್ಮೆ ಬಿಸಿಲು ನೋಡಿ ಎದ್ದರು. ಬಟ್ಟೆ ಹಾಕಿ ಬಂದಿದ್ದೇನೆ ಎಂದರು. ನಿಜವಾಗಿ ಹಾಕಿ ಬಂದಿದ್ದರೋ ಇಲ್ಲವೋ ಅವರ ಮುಖದಿಂದ ಹೇಳುವಂತಿರಲಿಲ್ಲ.

ಅಲ್ಪವಿರಾಮ ಕೊನೆಯ ಅವಿಭಕ್ತವನ್ನು ತಿದ್ದಿಸಿ ಬಂದಾಗ ಊಟದ ಹೊತ್ತಾಗಿತ್ತು. “ಒಂದನ್ನು ಬಿಟ್ಟಿದ್ದೀನಿ” ಎಂದರು. “ಅರ್ಪಣೆಯ ಪುಟ. ‘ನನ್ನ ಅವಿಭಕ್ತ ಕುಟುಂಬಕ್ಕೆ’ ಅಂತಿದೆ. ಅದು ಮೇಡಂ ಬರೆದದ್ದೇ. ನಾನು ಮೂಲ ನೋಡಿದೆ.”

ಸಂಜೆ ಅವಳು ಹೊರಡುವಾಗ ಮಾಲೀಕರು ಕೋಣೆಯಿಂದ ಕೂಗಿದರು.

“ಅಮ್ಮ, ಒಂದು ಸಣ್ಣ ಬದಲಾವಣೆ. ಬೈಂಡಿಂಗಿನವರು ಮೇಜು ಒಂದು ಗಂಟೆಗೇ ಬೇಕು ಅಂತಿದ್ದಾರೆ. ಎರಡರ ತನಕ ಕಾಯೋಕಾಗಲ್ವಂತೆ. ನೀವು ಒಂದಕ್ಕೇ ಎದ್ದುಬಿಡಿ. ಊಟದ ಬಿಡುವು ತೆಗೆದರೆ ಲೆಕ್ಕ ಅಷ್ಟೇ ಬರುತ್ತೆ.”

“ಒಂದಕ್ಕೆ” ಎಂದಳು ಅವಳು.

“ಹೂಂ. ನಿಮ್ಮ ಯಜಮಾನರ ಅಂಗಡಿ ಕಡೆಯೇ ಹೋಗ್ತಿದ್ದೀನಿ, ಕನ್ನಡಕದ ಕಡ್ಡಿ ಸಡಿಲ ಆಗಿದೆ. ಹೇಳಿಬಿಡ್ತೀನಿ.”

ಮೇಜಿನ ಮೇಲೆ ಕನ್ನಡಕ ಇತ್ತು. ಅವಳು ಅದನ್ನು ನೋಡಿದಳು. ಒಂದು ಬದಿ ಜೋತುಬಿದ್ದಿತ್ತು.

“ಕೊಡಿ, ನಾನೇ ತಗೊಂಡು ಹೋಗ್ತೀನಿ” ಎಂದಳು. “ಅವರಿಗೂ ನಾನೇ ಹೇಳ್ತೀನಿ.”

“ಹಾಗೇ ಆಗಲಿ. ಒಂದೇ ಕೆಲಸಕ್ಕೆ ಇಬ್ಬರು ಯಾಕೆ?” ಮಾಲೀಕರಿಗೆ ಸಂತೋಷವಾಯಿತು. ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು.

ಆಗ ಅವಳಿಗೆ ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಹೇಳಿಯೇಬಿಡುತ್ತಿದ್ದಳು. ಅಂಗಡಿಗೆ ಹೋದಾಗ ಗಂಡ ಗಿರಾಕಿಯೊಬ್ಬರ ಕಣ್ಣಿಗೆ ಗಾಜು ಬದಲಾಯಿಸಿ ಹಾಕುತ್ತ, ಈಗ ಕಾಣಿಸ್ತಾ, ಈಗ ಕಾಣಿಸ್ತಾ ಎಂದು ಕೇಳುತ್ತಿದ್ದ. ಅವಳು ಕನ್ನಡಕ ಇಟ್ಟು ಹಿಂದಿನ ಬೆಂಚಿನಲ್ಲಿ ಕೂತಳು. ಬೆಂಚಿಗೆ ಆಗಲೇ ಒಂದು ದಿಂಬು ಬಂದಿತ್ತು. ಹೊಸದು, ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಒಂದನೇ ತಾರೀಖಿಗೆ ಇನ್ನೂ ವಾರ ಇತ್ತು.

ಗಿರಾಕಿ ಹೋದ ಮೇಲೆ ಗಂಡ ಸಣ್ಣ ತಿರುಪುಳಿ ಹಿಡಿದು ಮಾಲೀಕರ ಕನ್ನಡಕದ ಕಡ್ಡಿ ಬಿಗಿ ಮಾಡತೊಡಗಿದ. ಅವನ ಕೈ ಈ ಕೆಲಸದಲ್ಲಿ ಬಹಳ ಮೆತ್ತಗೆ. ಮದುವೆಗೆ ಮುಂಚೆ ಅವಳು ಮೊದಲು ಮೆಚ್ಚಿದ್ದು ಈ ಕೈಯನ್ನೇ.

“ಒಂದನೇ ತಾರೀಖಿಂದ ತಾನೆ? ಅವರು ಮತ್ತೇನಾದರೂ ಹೇಳಿದ್ರಾ?” ಎಂದ, ತಲೆ ಎತ್ತದೆ.

ಅವಳು ಲೆಕ್ಕ ಹಾಕಿದಳು. ಒಂದರಿಂದ ಐದು, ನಾಲ್ಕು ಗಂಟೆ. ನಾಲ್ಕು ಎಂದು ಹೇಳಿದರೆ ಇವತ್ತು ಊಟಕ್ಕೆ ಕೂತಾಗ ನಾಲ್ಕನೆಯವರು ಯಾರಾದರೂ ಸಿಗುತ್ತಾರೆ. ಮೈದುನ ಇದ್ದಾನೆ. ಪಕ್ಕದ ಮನೆಯವರಿದ್ದಾರೆ. ಯಾರೂ ಸಿಗದಿದ್ದರೆ ದಿಂಬಿಗೇ ಎರಡು ಗಂಟೆ. ಹೇಳದಿದ್ದರೆ ಮೂವರಿಗೂ ಅವರವರ ಪಾಲು ಸಿಕ್ಕೇ ಸಿಗುತ್ತದೆ. ಅತ್ತೆಗೆ ಸತ್ತವರ ವಯಸ್ಸು, ಹುಡುಗಿಗೆ ಗಣಿತ, ಇವನಿಗೆ ನಿದ್ದೆ. ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ನಾಲ್ಕನ್ನು ಮೂವರಿಗೆ ಹಂಚಿದರೆ ಒಂದು ಉಳಿಯುತ್ತದೆ. ಮಕ್ಕಳಿಗೆ ಭಾಗಾಕಾರ ಕಲಿಸುವ ಮೊದಲ ದಿನವೇ ಕಲಿಸುವ ಲೆಕ್ಕ ಅದು.

“ಅವಿಭಕ್ತ ಅಂತ ಇದ್ದದ್ದೆಲ್ಲ ತಿದ್ದಿದ್ದಾಯ್ತು” ಎಂದಳು.

“ಅದಲ್ಲ, ಟೈಮಿನ ವಿಷಯ.”

“ಎರಡು ಗಂಟೆಗೆ ಇಲ್ಲಿರ್ತೀನಿ.”

ಅವಳ ದನಿಯಲ್ಲಿ ಎಂದಿನಂತೆ ಏನೂ ಇರಲಿಲ್ಲ. ರೈಲು ಎಷ್ಟು ಹೊತ್ತಿಗೆ ಬರುತ್ತದೆ ಎಂದು ತಿಳಿಸಿದ ಹಾಗಿತ್ತು. ಅವನು ತಲೆಯಾಡಿಸಿ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದ, ಗಾಜು ಒರೆಸಿದ, ಮಡಚಿ ಅವಳ ಕೈಗೆ ಕೊಟ್ಟ.

ಒಂದರಿಂದ ಎರಡರವರೆಗೆ ತಾನು ಎಲ್ಲಿರುತ್ತೇನೆ ಎಂಬುದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಇರಬಹುದು, ಯಾವುದಾದರೂ ಬೆಂಚಿನ ಮೇಲೆ ಇರಬಹುದು. ಗೊತ್ತಾದ ಮೇಲೂ ಅದನ್ನು ಯಾರಿಗೂ ಹೇಳುವುದಿಲ್ಲ ಎಂಬುದಂತೂ ಗೊತ್ತಿತ್ತು. ಅಲ್ಪವಿರಾಮ ಅವರಿಗೂ ಇಲ್ಲ, ಮೇಡಂಗೂ ಇಲ್ಲ. ಅವಳು ದಿಂಬಿನ ಮೇಲಿನ ಬೆಲೆಯ ಚೀಟಿಯನ್ನು ನಿಧಾನವಾಗಿ ಕಿತ್ತು, ಅದಕ್ಕೆ ಗವಸು ಬೇಕು, ನಾಳೆ ತರುತ್ತೇನೆ ಎಂದಳು.